ಅಡಿವೆಪ್ಪ ದಾರಿ ಕಲಿತದ್ದು

ಎರಡು ತಾಸು ಅಲುಗಾಡದೆ ಕೂರುವುದು ಅಡಿವೆಪ್ಪನಿಗೆ ನಾಲ್ಕನೆಯ ವರ್ಷಕ್ಕೆ ಸಾಧ್ಯವಾಯಿತು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಹೊಳೆದಂಡೆಯ ಆ ಆಶ್ರಮದಲ್ಲಿ ಹಾಗೆ ಕೂರಬಲ್ಲವರು ಇಬ್ಬರೇ. ಒಬ್ಬರು ಗುರುಗಳಾದ ಮುರಿಗಯ್ಯಜ್ಜ, ಇನ್ನೊಬ್ಬ ಅವನು.

ಆದರೆ ಸೈಕಲ್ ಹತ್ತಿದನೆಂದರೆ ಅಡಿವೆಪ್ಪ ಬೇರೆಯೇ ಮನುಷ್ಯ.

ಮುರಿಗಯ್ಯಜ್ಜನನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಬೇರು, ಸೊಪ್ಪು ಕುದಿಸಿ ಮೊಣಕಾಲು ನೋವಿಗೆ ಎಣ್ಣೆ, ಕೆಮ್ಮಿಗೆ ಕಷಾಯ ಮಾಡುತ್ತಿದ್ದರು. ಅದನ್ನು ಹೊಳೆಯಾಚೆಯ ಊರಿನ ಮುದುಕರ ಮನೆಗಳಿಗೆ ಮುಟ್ಟಿಸುವುದು ಅಡಿವೆಪ್ಪನ ಸೇವೆ.

ಹೋಗಲು ಇದ್ದದ್ದು ಒಂದೇ ದಾರಿ. ದಂಡೆಗುಂಟ ಒಂದು ಮೈಲಿ, ಆಮೇಲೆ ಒಂದೇ ಗಾಡಿ ಹಿಡಿಯುವ ಹಳೆಯ ಕಲ್ಲಿನ ಸೇತುವೆ. ಅದೇ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸರು, ಶಾಲೆಯ ಮಕ್ಕಳು, ಚಕ್ಕಡಿ, ಟ್ರ್ಯಾಕ್ಟರು, ಟೆಂಪೋ, ದಿನಕ್ಕೆ ನಾಲ್ಕು ಸಲ ಬಸ್ಸು.

ಸೈಕಲ್ಲಿಗೆ ಅವನು ದೊಡ್ಡದೊಂದು ಗಂಟೆ ಹಾಕಿಸಿದ್ದ. ಅದನ್ನು ಬಾರಿಸುತ್ತ ಹೋದರೆ ಜನ ಎಡಕ್ಕೊಬ್ಬರು ಬಲಕ್ಕೊಬ್ಬರು ಚದುರುತ್ತಿದ್ದರು. ಅಜ್ಜಾರ ಔಷಧಕ್ಕೆ ಜನ ಕೊಡುವ ಗೌರವ ಅದು ಎಂದುಕೊಂಡಿದ್ದ.

ಒಂದು ಮುಂಜಾನೆ ಅವನ ಮುಂದೆ ಕಲ್ಲವ್ವ ನಡೆಯುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಒಂದು ಎಮ್ಮೆ ಸಾಕಿಕೊಂಡು ಬದುಕು ಮಾಡುವವಳು. ಹೊಳೆಯ ಪಕ್ಕ ಕೊಯ್ದ ಹಸಿಹುಲ್ಲಿನ ಹೊರೆ ತಲೆಯ ಮೇಲಿತ್ತು. ದಾರಿಯ ಎಡ ಅಂಚು ಹಿಡಿದು ತನ್ನ ಪಾಡಿಗೆ ತಾನು ಹೊರಟಿದ್ದಳು.

ಅಡಿವೆಪ್ಪ ಗಂಟೆ ಹೊಡೆದ. ಹೊರೆ ಸರಿಯಲಿಲ್ಲ. ಇನ್ನಷ್ಟು ಜೋರಾಗಿ ಹೊಡೆದ, ಹೊಡೆಯುತ್ತಲೇ ಬಲಗಡೆಯಿಂದ ನುಗ್ಗಿದ.

ಅದೇ ಗಳಿಗೆಗೆ ಕಲ್ಲವ್ವ ಗಾಬರಿಯಾಗಿ ಬಲಕ್ಕೆ ಹೆಜ್ಜೆ ಇಟ್ಟಳು.

ಹ್ಯಾಂಡಲ್ಲು ಹೊರೆಗೆ ಸಿಕ್ಕಿತು. ಹುಲ್ಲು, ಹೆಂಗಸು, ಸೈಕಲ್ಲು, ಎಣ್ಣೆಯ ಬಾಟಲಿ ಎಲ್ಲ ಒಟ್ಟಿಗೇ ನೆಲಕ್ಕೆ ಬಿದ್ದವು.

ಅಡಿವೆಪ್ಪ ಎದ್ದು ಕೂತ. ಮೊಣಕಾಲಿನ ಚರ್ಮ ಕಿತ್ತುಬಂದಿತ್ತು. ಅವನ ಬಾಯಿಂದ ಮೊದಲು ಬಂದ ಮಾತು ಇದು:

"ಗಂಟಿ ಹೊಡದೆನಲ್ಲ, ಕೇಳಲಿಲ್ಲೇನು?"

ಕಲ್ಲವ್ವ ಎಡಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮುಖ ಬಿಳಿಚಿತ್ತು.

"ಕೇಳಿತಪ್ಪ," ಅಂದಳು. "ಕೇಳಿದ್ದಕ್ಕೇ ಈಚೆ ಬಂದೆ."

ಹಿಂದೆ ಬರುತ್ತಿದ್ದ ಆಟೋದವನೊಬ್ಬ ನಿಲ್ಲಿಸಿ ಆಕೆಯನ್ನು ತಾಲ್ಲೂಕಿನ ಆಸ್ಪತ್ರೆಗೆ ಕರೆದೊಯ್ದ. ಮಣಿಕಟ್ಟಿನ ಎಲುಬು ಸೀಳಿತ್ತು. ಪ್ಲಾಸ್ಟರ್ ಹಾಕಿ, ಐದು ವಾರ ಆ ಕೈಗೆ ಕೆಲಸ ಕೊಡಬೇಡ ಎಂದು ಹೇಳಿ ಕಳಿಸಿದರು.

ಅಡಿವೆಪ್ಪ ಸೈಕಲ್ಲನ್ನು ತಳ್ಳಿಕೊಂಡು ಆಶ್ರಮಕ್ಕೆ ಬಂದ. ಅಜ್ಜಾರು ಅಂಗಳದಲ್ಲಿ ಅಮೃತಬಳ್ಳಿ ಹೆಚ್ಚುತ್ತಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ ಅಂದ:

"ನಂದೇನೂ ತಪ್ಪಿಲ್ರಿ ಅಜ್ಜಾರ. ನಾ ಗಂಟಿ ಹೊಡದಿದ್ದೆ."

ಅಜ್ಜಾರು ಕತ್ತಿ ಕೆಳಗಿಟ್ಟರು.

"ಆಕಿ ಎಮ್ಮಿಗೆ ಇವತ್ತು ಹುಲ್ಲು ಯಾರು ಹಾಕ್ತಾರ?"

"ಗೊತ್ತಿಲ್ರಿ."

"ಗೊತ್ತು ಮಾಡಿಕೊಂಡು ಬಾ."

ಅವನು ಊರಿಗೆ ಹೋಗಿ ವಿಚಾರಿಸಿದ. ಕಲ್ಲವ್ವನ ಗಂಡ ತೀರಿ ಬಹಳ ಕಾಲವಾಗಿತ್ತು. ಮಗಳನ್ನು ದೂರದ ಊರಿಗೆ ಕೊಟ್ಟಿದ್ದರು. ಎಮ್ಮೆ ಮೇವಿಲ್ಲದ ಗ್ವಾದಲಿಯ ಮುಂದೆ ನಿಂತು ಒದರುತ್ತಿತ್ತು.

ತಿರುಗಿ ಬಂದು ತಲೆ ತಗ್ಗಿಸಿ ನಿಂತ.

"ಯಾರೂ ಇಲ್ರಿ ಅಜ್ಜಾರ."

"ಹಂಗಾರ ನೀ ಇದ್ದಿ," ಅಂದರು ಅಜ್ಜಾರು. "ಆಕಿ ಕೈ ಕೂಡೋ ತನಕ ಹುಲ್ಲು ಕೊಯ್ದು ಹೊತ್ತು ಹಾಕು. ಸೈಕಲ್ ಗೋಡಿಗೆ ಆನಿಸು."

"ಮತ್ತ ಎಣ್ಣಿ ಮುಟ್ಟಿಸೋದು?"

"ಎಮ್ಮಿ ಹೊಟ್ಟಿ ತುಂಬಿದ ಮ್ಯಾಲೆ, ನಡಕೊಂಡು ಹೋಗಿ."

*

ಮರುದಿನ ಬೆಳಕು ಹರಿಯುವಾಗಲೇ ಅಡಿವೆಪ್ಪ ಕುಡುಗೋಲು ಹಿಡಿದು ಹೊಳೆಯ ಪಕ್ಕ ಕೂತ. ಅವನ ಹೊರೆ ಕಟ್ಟಿದ ಹಾಗೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಕಲ್ಲವ್ವ ಪ್ಲಾಸ್ಟರ್ ಕೈಯನ್ನು ಕೊರಳಿಗೆ ಜೋತುಬಿಟ್ಟುಕೊಂಡು ದಿಬ್ಬದ ಮೇಲೆ ನಿಂತು ನೋಡುತ್ತಿದ್ದಳು.

"ಅಷ್ಟು ಸಡ್ಲ ಕಟ್ಟಿದ್ರ ಮನಿ ಮುಟ್ಟೋದರಾಗ ಹಗ್ಗ ಒಂದೇ ಉಳೀತೈತಿ," ಅಂದಳು.

ಟವೆಲ್ಲನ್ನು ಸುತ್ತಿ ತಲೆಗೆ ಸಿಂಬಿ ಮಾಡುವುದನ್ನು ಅವಳೇ ಒಂಟಿ ಕೈಯಲ್ಲಿ ತೋರಿಸಿಕೊಟ್ಟಳು.

ಹೊರೆ ತಲೆಗೇರಿತು. ಅಡಿವೆಪ್ಪನ ಲೋಕ ಒಮ್ಮೆಲೇ ಸಣ್ಣದಾಯಿತು.

ಹುಲ್ಲು ಕಣ್ಣಿನ ಮುಂದೆ, ಕಿವಿಯ ಮೇಲೆ ಇಳಿಬಿದ್ದಿತ್ತು. ಕಾಣುವುದು ಎದುರಿನ ನಾಲ್ಕು ಮೊಳ ನೆಲ ಮಾತ್ರ. ಹೆಜ್ಜೆ ಇಟ್ಟರೆ ಹುಲ್ಲು ಕಿವಿಯಲ್ಲಿ ಸರಸರ ಅನ್ನುತ್ತಿತ್ತು. ಹಿಂದೆ ಏನಾದರೂ ಬಂದರೆ ತಿರುಗಿ ನೋಡುವ ಹಾಗಿಲ್ಲ. ತಲೆ ತಿರುಗಿಸಿದರೆ ಹೊರೆ ತಿರುಗುತ್ತದೆ, ಹೊರೆ ತಿರುಗಿದರೆ ಕಾಲು ತಪ್ಪುತ್ತದೆ.

ಮೊದಲ ದಿನ ಎಮ್ಮೆ ಅವನು ತಂದ ಹುಲ್ಲನ್ನು ಮೂಸಿ ಮುಖ ತಿರುಗಿಸಿತು.

"ಹೊಳಿ ಅಂಚಿಂದು ಕೊಯ್ದೀಯಲ್ಲ, ಕೆಸರು ವಾಸನಿ," ಅಂದಳು ಕಲ್ಲವ್ವ. "ನಾಳೆ ದಿಬ್ಬದ ಮ್ಯಾಲಿಂದು ತಾ. ಇದು ಭಾಳ ಸೂಕ್ಷ್ಮದ ಎಮ್ಮಿ."

ನಾಲ್ಕನೆಯ ದಿನ ಎಮ್ಮೆ ತಿಂದಿತು. ಅಡಿವೆಪ್ಪನಿಗೆ ಅವತ್ತು ಏಕೋ ಸಮಾಧಾನವಾಯಿತು. ಯಾರೋ ತನ್ನನ್ನು ಒಪ್ಪಿಕೊಂಡ ಹಾಗೆ.

ಎಂಟನೆಯ ದಿನ ಹೊರೆ ಹೊತ್ತು ದಂಡೆಯ ದಾರಿಯಲ್ಲಿ ಬರುತ್ತಿದ್ದಾಗ ಬೆನ್ನ ಹಿಂದೆಯೇ ಹಾರ್ನ್ ಸಿಡಿಯಿತು.

ಉದ್ದನೆಯ ಹಾರ್ನು. ಯಾವ ಕಡೆಯಿಂದ ಬಂತು, ಎಷ್ಟು ಹತ್ತಿರದಲ್ಲಿದೆ ಏನೂ ತಿಳಿಯಲಿಲ್ಲ. ಅವನು ಹಾರಿದ. ಹಾರಿದ್ದು ನೇರ ಪಕ್ಕದ ಹೊಂಡಕ್ಕೆ. ಸೊಂಟದವರೆಗೆ ಕೆಸರು.

ಹಾದು ಹೋದದ್ದು ರಾಚಪ್ಪನ ಟೆಂಪೋ. ತರಕಾರಿ ಹೊತ್ತು ದಿನವೂ ಸಂತೆಗೆ ಹೋಗುವ ಗಾಡಿ. ನಿಲ್ಲಲೂ ಇಲ್ಲ.

ಕೆಸರು ಸುರಿಸಿಕೊಂಡೇ ಅಡಿವೆಪ್ಪ ಆಶ್ರಮಕ್ಕೆ ಬಂದ.

"ಅಜ್ಜಾರ, ಆ ರಾಚಪ್ಪಗ ದಾರಿ ಅಂದ್ರ ಅವರಪ್ಪನ ಮನಿ ಅಂಗಳ ಅನಿಸೇತ್ರಿ!"

"ಏನಾತು?"

"ಹಿಂದಿನಿಂದ ಬಂದು ಹಾರ್ನ್ ಹೊಡದ್ರಿ."

"ಹಾರ್ನ್ ಏನಂತು?"

"ಏನಂತೈತ್ರಿ? ಸರಿ ಅಂತು."

"ಯಾವ ಕಡೆ ಸರಿ ಅಂತು?"

"ಅದನ್ನ ಹೇಳಲಿಲ್ಲರಿ. ಹಾರ್ನ್ ಅದನ್ನೆಲ್ಲಿ ಹೇಳ್ತ..."

ಮಾತು ಅಲ್ಲಿಗೇ ನಿಂತಿತು.

ಅಜ್ಜಾರು ಅವನತ್ತ ನೋಡಲಿಲ್ಲ. ಕುದಿಯುತ್ತಿದ್ದ ಎಣ್ಣೆಗೆ ಸೌದೆ ಸರಿಸುತ್ತಿದ್ದರು.

ಅಡಿವೆಪ್ಪ ಬಾವಿಕಟ್ಟೆಗೆ ಹೋಗಿ ಬಹಳ ಹೊತ್ತು ಮೈ ತೊಳೆದುಕೊಂಡ. ಕೆಸರು ಹೋಗಿ ಎಷ್ಟೋ ಹೊತ್ತಾದರೂ ಮೈಮೇಲೆ ನೀರು ಹಾಕಿಕೊಳ್ಳುತ್ತಲೇ ಇದ್ದ.

ಅವತ್ತು ಸಂಜೆ ಕಲ್ಲವ್ವನ ಮನೆಗೆ ಹೋಗಿ ಹೊಸಿಲ ಹೊರಗೆ ನಿಂತ.

"ಯವ್ವಾ, ಅವತ್ತು ನಿನಗ ಕೇಳಬಾರದ್ದು ಕೇಳಿದೆ."

"ಏನು ಕೇಳಿದೆಪ್ಪಾ?"

"ಗಂಟಿ ಕೇಳಲಿಲ್ಲೇನು ಅಂತ."

ಕಲ್ಲವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು.

"ನಾನೂ ಮನಸಿನ್ಯಾಗ ನಿನಗ ಅನಬಾರದ್ದು ಅಂದಿದ್ದೆ. ಅದು ಇದು ಸರಿಹೋತು. ಒಳಗ ಬಾ, ಮಜ್ಜಿಗಿ ಕುಡಿ."

*

ಐದು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಕಲ್ಲವ್ವ ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿ, ಮೊದಲು ಎಮ್ಮೆಯ ಕೊರಳು ತುರಿಸಿದಳು.

ಅಜ್ಜಾರು ಗೋಡೆಗೆ ಆನಿಸಿದ್ದ ಸೈಕಲ್ಲನ್ನು ತೋರಿಸಿದರು.

"ತಗೊ. ಗಾಳಿ ಹಾಕಿಸು."

ಅಡಿವೆಪ್ಪ ಸೈಕಲ್ಲಿನ ಹತ್ತಿರ ಹೋದ, ತಿರುಗಿ ಬಂದ.

"ಅಜ್ಜಾರ, ಹಿಂದಿನಿಂದ ಹೋಗೋನು ಮುಂದಿನವರಿಗೆ ತಿಳಿಸಲಿಕ್ಕೇ ಬೇಕಲ್ಲರಿ. ತಿಳಿಸಿದ್ರ ಅವರು ಹೆದರ್ತಾರ. ತಿಳಿಸದಿದ್ರ ಇನ್ನೂ ಕೆಟ್ಟದ್ದು. ಹೆಂಗ ಮಾಡಲಿ?"

"ಒಬ್ಬರ ಮನಿಗೆ ಹೋದ್ರ ಏನು ಮಾಡ್ತಿ?"

"ಹೊರಗ ನಿಂತು ಕರೀತೀನ್ರಿ. ಅವರು ಬಾ ಅಂದ ಮ್ಯಾಲೆ ಒಳಗ ಹೋಗ್ತೀನಿ."

"ದಾರ್‍ಯಾಗ ನಡೆಯೋರಿಗೆ ಹೊಸಿಲು ಎಲ್ಲೈತಿ?"

ಅಜ್ಜಾರು ಅಷ್ಟಕ್ಕೇ ಒಳಗೆ ಹೋದರು.

ಅದು ಅವನಿಗೆ ತಿಳಿದದ್ದು ದಾರಿಯ ಮೇಲೆ. ಮುಂದೆ ಒಬ್ಬ ಮುದುಕ ಕೋಲೂರಿಕೊಂಡು ಹೋಗುತ್ತಿದ್ದ. ಅಡಿವೆಪ್ಪ ಇಪ್ಪತ್ತು ಹೆಜ್ಜೆ ಹಿಂದಿರುವಾಗಲೇ ಪೆಡಲ್ ತುಳಿಯುವುದನ್ನು ಬಿಟ್ಟ. ಸೈಕಲ್ಲು ತಾನಾಗಿಯೇ ನಿಧಾನವಾಯಿತು.

"ಯಜ್ಜಾ," ಎಂದು ಕರೆದ. "ಸೈಕಲ್ ಬರಾಕತ್ತೈತಿ. ನಿಮ್ಮ ಬಲಕ್ಕ ಹೋಗ್ತೀನ್ರಿ."

ಮುದುಕ ಗಾಬರಿಯಾಗಲಿಲ್ಲ. ಹಿಂದಿರುಗಿ ನೋಡಲೂ ಇಲ್ಲ. ಕೋಲನ್ನು ಎಡಗೈಗೆ ಬದಲಾಯಿಸಿ ಅಂದ:

"ಹೋಗಪ್ಪಾ, ಹೋಗು."

ಆ "ಹೋಗಪ್ಪಾ" ಕೇಳಿದ ಮೇಲೆಯೇ ಅವನು ದಾಟಿದ. ದಾಟುವಾಗ ಇಬ್ಬರ ನಡುವೆ ಒಂದು ಎಮ್ಮೆ ಹೋಗುವಷ್ಟು ಜಾಗವಿತ್ತು.

ಹೀಗೆ ಕರೆಯುತ್ತ ಹೋದರೆ ಹೆಸರು ಬೇಕಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ದಾರಿಯವರ ಹೆಸರೆಲ್ಲ ಅವನಿಗೆ ಬಾಯಿಪಾಠವಾದವು. ಗುರವ್ವ, ಪೀರಸಾಬ, ಸೋಮಲಿಂಗ, ಶಾಲೆಗೆ ಹೋಗುವ ಅಕ್ಕತಂಗಿಯರು. ಅವರೂ ಇವನನ್ನು ಹೆಸರು ಹಿಡಿದು ಕರೆಯತೊಡಗಿದರು. ಒಂದು ಮೈಲಿಯ ದಾರಿ ಈಗ ಹತ್ತು ಮಾತಿನ ದಾರಿಯಾಯಿತು.

ಎಣ್ಣೆ ಮುಟ್ಟುವುದು ಮಾತ್ರ ಮೊದಲಿಗಿಂತ ತಡ.

ಮೊಣಕಾಲು ನೋವಿನ ಬೂದೆವ್ವಜ್ಜಿ ಒಮ್ಮೆ ಅಂದೇಬಿಟ್ಟಳು. "ಈಗೀಗ ತಡಾ ಮಾಡಿ ಬರ್ತಿ."

"ಹೌದು ಯವ್ವಾ."

"ಮೊದಲು ಬಾಟ್ಲಿ ಕೈಯಾಗ ತುರುಕಿ ಓಡ್ತಿದ್ದಿ. ಯಾರೋ ಬೆನ್ನ ಹತ್ತಿದವರಂಗ. ನನಗೂ ಎದಿ ಹಾರ್ತಿತ್ತು." ಅಜ್ಜಿ ಕಾಲು ಚಾಚಿದಳು. "ಹಿಂಗೇ ತಡಾ ಮಾಡಿ ಬಾ."

*

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹೊಸದಾಗಿ ಏನನ್ನಾದರೂ ಕಲಿತವನಿಗೆ ಸುಮ್ಮನಿರುವುದು ಕಷ್ಟ.

ಅಡಿವೆಪ್ಪನಿಗೆ ಈಗ ಬೇರೆಯವರ ತಪ್ಪುಗಳು ಕಾಣತೊಡಗಿದವು. ಬೈಕಿನವರು ತಿರುವಿನಲ್ಲಿ ನುಗ್ಗುತ್ತಾರೆ. ಹುಡುಗಿಯರು ಐದು ಜನ ಸಾಲಾಗಿ ಕೈಹಿಡಿದು ದಾರಿ ತುಂಬ ನಡೆಯುತ್ತಾರೆ. ಟ್ರ್ಯಾಕ್ಟರಿನವನು ನಡುದಾರಿಯಲ್ಲಿ ನಿಲ್ಲಿಸಿ ಬೀಡಿ ಸೇದುತ್ತಾನೆ.

ಒಂದು ಬಕೆಟ್ ಸುಣ್ಣ ಕಲಸಿ, ಸೇತುವೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ. ಗೆರೆಯ ಒಳಗೆ ನಡೆಯುವವರು, ಹೊರಗೆ ಗಾಡಿಯವರು. ಎಲ್ಲಿಂದಲೋ ಒಂದು ಸೀಟಿ ತಂದು ಕೊರಳಿಗೆ ಕಟ್ಟಿಕೊಂಡ. ಮುಂಜಾನೆ ಎಣ್ಣೆ ಕೊಟ್ಟು ಬಂದವನೇ ಗೆರೆಯ ಮೇಲೆ ನಿಂತುಬಿಡುತ್ತಿದ್ದ.

ಮೊದಲ ದಿನ ಜನ ಮಾತು ಕೇಳಿದರು. ಎರಡನೆಯ ದಿನವೂ ಕೇಳಿದರು. ಅವನ ಬೆನ್ನು ನೆಟ್ಟಗಾಯಿತು.

ಅಜ್ಜಾರು ಊರಿಗೆ ಹೋಗಿಬರುವಾಗ ಗೆರೆಯ ಒಳಗೇ ನಡೆಯುತ್ತಿದ್ದರು.

ಹತ್ತನೆಯ ದಿನ ಸೇತುವೆಯ ನಟ್ಟನಡುವೆ ಒಂದು ಚಕ್ಕಡಿ ಮತ್ತು ಒಂದು ಟೆಂಪೋ ಎದುರುಬದುರಾದವು. ಚಕ್ಕಡಿ ಪೀರಸಾಬನದು, ಜೋಳದ ಚೀಲ ಹೇರಿತ್ತು. ಟೆಂಪೋ ರಾಚಪ್ಪನದು.

ಪೀರಸಾಬ ಸೇತುವೆ ಹತ್ತಿ ಮುಕ್ಕಾಲು ದಾಟಿದ್ದ. ರಾಚಪ್ಪ ಅದನ್ನು ಕಂಡೂ ನುಗ್ಗಿದ್ದ. ಇದನ್ನು ಅಡಿವೆಪ್ಪ ಕಣ್ಣಾರೆ ನೋಡಿದ್ದ.

ಸೀಟಿ ಊದುತ್ತ ಓಡಿಬಂದ.

"ತಪ್ಪು ನಿಂದು ರಾಚಪ್ಪ! ಚಕ್ಕಡಿ ಮೊದಲು ಬಂದೈತಿ. ನೀ ಹಿಂದಕ್ಕ ತಗೊ!"

ಹೇಳುವಾಗ ಅವನ ಎದೆಯಲ್ಲಿ ಒಂದು ಗುಟ್ಟಿನ ಖುಷಿಯಿತ್ತು. ತನ್ನನ್ನು ಹೊಂಡಕ್ಕೆ ಹಾರಿಸಿದವನು ಇವನೇ.

ರಾಚಪ್ಪ ಸುತ್ತ ನೆರೆದವರನ್ನು ನೋಡಿದ. ಅಷ್ಟು ಜನರ ಮುಂದೆ ಮುಖ ಕೆಂಪಾಯಿತು.

"ನೀ ಯಾವನೋ ನನಗ ಹೇಳಾಂವ? ನಾ ತಗೊಳ್ಳೂದಿಲ್ಲ."

ಇಂಜಿನ್ ಬಂದ್ ಮಾಡಿ, ಕೈ ಕಟ್ಟಿ ಕೂತುಬಿಟ್ಟ.

ಅಡಿವೆಪ್ಪ ದನಿ ಏರಿಸಿದ. ರಾಚಪ್ಪನೂ ಏರಿಸಿದ. ಪೀರಸಾಬ, "ಇಬ್ಬರೂ ಸ್ವಲ್ಪ ಸುಮ್ನಿರ್‍ರೋ, ಎತ್ತು ಬೆದರ್ತಾವು," ಅಂದದ್ದು ಯಾರಿಗೂ ಕೇಳಲಿಲ್ಲ. ಟೆಂಪೋದ ಹಿಂದೆ ಎರಡು ಬೈಕು, ಚಕ್ಕಡಿಯ ಹಿಂದೆ ಶಾಲೆಯ ಮಕ್ಕಳು. ನುಸುಳಿ ದಾಟಬಹುದು ಎಂದು ಮಕ್ಕಳು ಚಕ್ಕಡಿಯ ಗಾಲಿ ಮತ್ತು ಸೇತುವೆಯ ಮೋಟುಗೋಡೆಯ ನಡುವೆ ಸೇರಿಕೊಂಡಿದ್ದರು. ಗೋಡೆ ಇದ್ದದ್ದು ಮೊಣಕಾಲೆತ್ತರ. ಅದರಾಚೆ ಹೊಳೆ.

ಅಡಿವೆಪ್ಪ ಮತ್ತೆ ಸೀಟಿ ಊದಿದ.

ಎಡಗಡೆಯ ಎತ್ತು ಬೆಚ್ಚಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಗಾಲಿ ಗೋಡೆಯ ಕಡೆ ಹೊರಳಿತು. ಮಕ್ಕಳಲ್ಲಿ ಯಾರೋ ಕಿರುಚಿದರು.

ಆಗಲೇ ಅಜ್ಜಾರು ಬಂದದ್ದು. ಊರಿನಿಂದ ಹಿಂದಿರುಗುತ್ತಿದ್ದರು. ಕೈಯಲ್ಲಿ ಒಂದು ಕಟ್ಟು ನುಗ್ಗೆಸೊಪ್ಪು.

ಅವರು ಎತ್ತಿನ ಹಣೆಯ ಮೇಲೆ ಅಂಗೈ ಇಟ್ಟರು. ಎತ್ತು ನಿಂತಿತು. ಇನ್ನೊಂದು ಕೈಯಿಂದ ನುಗ್ಗೆಸೊಪ್ಪನ್ನು ಅದರ ಬಾಯಿಗೆ ಹಿಡಿದರು.

"ಮಕ್ಕಳ್ರಾ, ಬಂದ ದಾರಿಗುಂಟ ಹಿಂದಕ್ಕ ನಡೀರಿ," ಅಂದರು. "ಒಬ್ಬರ ಹಿಂದ ಒಬ್ಬರು. ಯಾರೂ ಓಡಬ್ಯಾಡ್ರಿ."

ಕೊನೆಯ ಮಗು ಸೇತುವೆಯಿಂದ ಇಳಿಯುವವರೆಗೆ ಅಲ್ಲೇ ನಿಂತರು. ಆಮೇಲೆ ನಿಧಾನವಾಗಿ ಟೆಂಪೋದ ಕಿಟಕಿಯ ಬಳಿ ಹೋದರು.

ಅಡಿವೆಪ್ಪ ಕಾದ. ಈಗ ರಾಚಪ್ಪನಿಗೆ ಸರಿಯಾಗಿ ಬೀಳುತ್ತದೆ ಎಂದುಕೊಂಡ.

ಅಜ್ಜಾರು ಏನೋ ಮೆಲ್ಲಗೆ ಕೇಳಿದರು. ರಾಚಪ್ಪ ತಲೆ ಹೊರಗೆ ಹಾಕಿ ಹಿಂದೆ ನೋಡಿದ, ಏನೋ ಹೇಳಿದ. ಅಜ್ಜಾರು ತಲೆಯಾಡಿಸಿದರು. ರಾಚಪ್ಪ ಇಂಜಿನ್ ಚಾಲೂ ಮಾಡಿದ. ಬೈಕಿನವರು ಸರಿದರು. ಟೆಂಪೋ ಒಂದೇ ದಮ್ಮಿಗೆ, ಗೋಡೆಗೆ ಎಲ್ಲೂ ತಾಗದೆ, ನೆಟ್ಟಗೆ ಹಿಂದಕ್ಕೆ ಹೋಗಿ ಸೇತುವೆಯಾಚೆ ನಿಂತಿತು.

ಚಕ್ಕಡಿ ದಾಟಿತು. ಮಕ್ಕಳು ದಾಟಿದರು. ರಾಚಪ್ಪ ಹೊರಡುವಾಗ ಅಜ್ಜಾರಿಗೆ ಕೈಯೆತ್ತಿ ಹೋದ.

ಗುರು ಶಿಷ್ಯರಿಬ್ಬರೂ ಆಶ್ರಮದ ಕಡೆ ನಡೆದರು.

"ಅಜ್ಜಾರ, ಅವನಿಗೆ ಏನು ಹೇಳಿದ್ರಿ?"

"ಹೇಳಲಿಲ್ಲ, ಕೇಳಿದೆ. ಇಷ್ಟು ಸಣ್ಣ ಸೇತುವಿ ಮ್ಯಾಲೆ ಅಷ್ಟು ದೊಡ್ಡ ಗಾಡಿ ಹಿಂದಕ್ಕ ತಗೊಳ್ಳೋದು ಭಾಳ ಕಷ್ಟ ಅಲ್ಲೇನಪ್ಪಾ ಅಂತ."

"ಅದಕ್ಕ ಅವ?"

"ಏನೂ ಕಷ್ಟ ಇಲ್ರಿ, ನೋಡ್ತಾ ನಿಲ್ರಿ ಅಂದ. ನೋಡ್ತಾ ನಿಂತೆ."

ಅಡಿವೆಪ್ಪನಿಗೆ ನಗು ಬಂತು, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ಆದ್ರ ತಪ್ಪು ಅವಂದೇ ಅಲ್ಲರಿ?"

"ಹೌದು. ಅವಂದೇ."

"ಮತ್ತ ಅದನ್ನ ಅವನಿಗೆ ಹೇಳಬ್ಯಾಡೇನ್ರಿ?"

"ನೀ ಅರ್ಧ ತಾಸು ಹೇಳಿದಿ. ಗಾಡಿ ಎಷ್ಟು ಮೊಳ ಹಿಂದಕ್ಕ ಹೋತು?"

ಮಕ್ಕಳ ಕಿರುಚಾಟ ಅಡಿವೆಪ್ಪನ ಕಿವಿಯಲ್ಲಿ ಇನ್ನೂ ಇತ್ತು. ಎತ್ತು ಇನ್ನೊಂದು ಹೆಜ್ಜೆ ಸರಿದಿದ್ದರೆ ಏನಾಗುತ್ತಿತ್ತು ಎಂದು ಅವನಿಗೂ ಗೊತ್ತಿತ್ತು. ಎತ್ತನ್ನು ಬೆದರಿಸಿದ್ದು ಯಾವುದು ಎಂಬುದೂ ಗೊತ್ತಿತ್ತು. ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ಗೆರಿ ಎಳದದ್ದು ತಪ್ಪಾತೇನ್ರಿ ಅಜ್ಜಾರ?"

"ಗೆರಿ ಛಲೋ ಐತಿ," ಅಂದರು ಅಜ್ಜಾರು. "ಅದರ ಮ್ಯಾಲೆ ನೀ ನಿಂತದ್ದು ದಾರಿಗೆ ಅಡ್ಡ ಆತು."

*

ಅಡಿವೆಪ್ಪ ಮರುದಿನದಿಂದ ಸೇತುವೆಯ ಮೇಲೆ ನಿಲ್ಲಲಿಲ್ಲ. ಸೈಕಲ್ ಏರಿ ತನ್ನ ಪಾಡಿಗೆ ತಾನು ಹೋದ, ಬಂದ. ಸೇತುವೆಗೆ ಬರುವ ಮುಂಚೆ ಒಂದು ಕ್ಷಣ ಕಾಲೂರಿ ಎದುರು ನೋಡುತ್ತಿದ್ದ. ಯಾರಾದರೂ ಬರುತ್ತಿದ್ದರೆ ಕೈಯಲ್ಲಿ "ಬರ್ರಿ" ಎಂದು ಸನ್ನೆ ಮಾಡಿ ಕಾಯುತ್ತಿದ್ದ.

ಅವನು ಕಾಯುವುದನ್ನು ನೋಡಿ ಬೈಕಿನವನೊಬ್ಬ ಕಾದ. ಅವನನ್ನು ನೋಡಿ ಇನ್ನೊಬ್ಬ. ಎಲ್ಲರೂ ಅಲ್ಲ. ನುಗ್ಗುವವರು ನುಗ್ಗುತ್ತಲೇ ಇದ್ದರು.

ಮಳೆಗಾಲ ಬಂದು ಸುಣ್ಣದ ಗೆರೆ ತೊಳೆದುಹೋಯಿತು. ಮಳೆ ನಿಂತ ಮೇಲೆ ಒಂದು ಮುಂಜಾನೆ ಅಡಿವೆಪ್ಪ ನೋಡುತ್ತಾನೆ, ಗೆರೆ ಮತ್ತೆ ಇದೆ. ಅಂಕುಡೊಂಕು. ಎಳೆದವರು ಯಾರು ಎಂದು ವಿಚಾರಿಸಿದ. ಪೀರಸಾಬ ಅಂದರು ಕೆಲವರು, ಶಾಲೆಯ ಮಾಸ್ತರು ಅಂದರು ಕೆಲವರು. ರಾಚಪ್ಪನ ಟೆಂಪೋದ ಹಿಂಭಾಗದಲ್ಲಿ ಸುಣ್ಣದ ಕಲೆ ಇತ್ತು ಎಂದಳು ಕಲ್ಲವ್ವ. ಅಡಿವೆಪ್ಪ ಅದನ್ನು ನಂಬಲೂ ಇಲ್ಲ, ನಂಬದಿರಲೂ ಇಲ್ಲ. ಆದರೆ ಅವತ್ತು ದಿನವಿಡೀ ಅವನ ಮುಖದಲ್ಲಿ ನಗುವಿತ್ತು.

ಸುಗ್ಗಿ ಮುಗಿದ ಮೇಲೆ ಸೋಮಲಿಂಗನ ಮನೆಯಲ್ಲಿ ಮೊಮ್ಮಗಳಿಗೆ ತೊಟ್ಟಿಲ ಕಾರ್ಯ. ಅಜ್ಜಾರು ಬರಲೇಬೇಕೆಂದು ಹೇಳಿಕಳಿಸಿದ್ದರು. ಗುರು ಶಿಷ್ಯರಿಬ್ಬರೂ ನಡೆದೇ ಹೊರಟರು.

ಹಿತವಾದ ಬಿಸಿಲು. ಹೊಳೆ ತೆಳ್ಳಗೆ ಹರಿಯುತ್ತಿತ್ತು. ಅಜ್ಜಾರು ಖುಷಿಯಲ್ಲಿದ್ದರು. ತಾವು ಸಣ್ಣವರಿದ್ದಾಗ ಇದೇ ಹೊಳೆಯಲ್ಲಿ ಈಜು ಕಲಿತದ್ದನ್ನು ಹೇಳುತ್ತಿದ್ದರು.

"ಅಗೋ, ಅಲ್ಲಿ ನೋಡು!" ಅಂದರು ಒಮ್ಮೆಲೇ.

ಆಚೆ ಬದಿಯ ಮರಳ ದಿಣ್ಣೆಯ ಮೇಲೆ ಹಿಂಡು ಬೆಳ್ಳಕ್ಕಿ ಇಳಿಯುತ್ತಿದ್ದವು. ಅದನ್ನು ಇನ್ನಷ್ಟು ಚೆನ್ನಾಗಿ ನೋಡಬೇಕೆಂದು ಅಜ್ಜಾರು ಹೊರಳಿ, ದಾರಿಯನ್ನು ಅಡ್ಡ ದಾಟಿಯೇ ಬಿಟ್ಟರು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ತಿರುವಿನಿಂದ ಇಟ್ಟಿಗೆ ಹೇರಿದ ಲಾರಿ ಬಂತು.

ಟೈರು ನೆಲಕ್ಕೆ ಉಜ್ಜಿದ ಸದ್ದು ಮಾತ್ರ ಕೇಳಿಸಿತು. ಧೂಳು ಎದ್ದಿತು. ಹಿಂದಿನಿಂದ ನಾಲ್ಕೈದು ಇಟ್ಟಿಗೆ ಉರುಳಿ ಬಿದ್ದವು.

ಧೂಳು ಇಳಿದಾಗ ಅಜ್ಜಾರು ನಿಂತೇ ಇದ್ದರು. ಲಾರಿಯ ಮೂತಿಗೂ ಅವರ ಎದೆಗೂ ನಡುವೆ ಒಂದು ಮೊಳ ಜಾಗ.

ಲಾರಿಯವನು ಈ ಕಡೆಯವನಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

"ಏ ಮುದುಕಾ! ಸಾಯಾಕ ನನ್ನ ಲಾರೀನೇ ಬೇಕಾಗಿತ್ತೇನು ನಿನಗ? ಕಣ್ಣು ಎಲ್ಲಿಟ್ಟಿ? ಮನ್ಯಾಗ ಬಿದ್ದಿರಾಕ ಏನಾಗೇತಿ?"

ಇನ್ನೂ ಏನೇನೋ ಅಂದ. ಬರೆಯಬಾರದಂಥವು.

ಅಡಿವೆಪ್ಪ ಲಾರಿಯತ್ತ ಹಾರಿದ. ಬಾಗಿಲ ಹಿಡಿಗೆ ಕೈ ಹಾಕಿದ.

"ಯಾರಿಗೆ ಮಾತಾಡಾಕತ್ತೀ ಗೊತ್ತೈತೇನು? ಇಳಿ ಕೆಳಗ! ಇಳಿ ಅಂದ್ರ!"

ಅವನ ಮೊಣಕೈಯ ಮೇಲೆ ಒಂದು ಕೈ ಬಿತ್ತು. ಅಜ್ಜಾರದು. ಅವರು ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಲಾರಿಯವನಿಗೆ ಎರಡೂ ಕೈ ಜೋಡಿಸಿದರು.

"ತಪ್ಪು ನಂದಪ್ಪಾ. ಹಕ್ಕಿ ನೋಡಾಕ ಹೋಗಿ ದಾರಿ ನೋಡಲಿಲ್ಲ."

ಲಾರಿಯವನ ಬಾಯಲ್ಲಿ ಇನ್ನೊಂದು ಬೈಗುಳ ಸಿದ್ಧವಾಗಿತ್ತು. ಅದು ಹೊರಗೆ ಬರಲಿಲ್ಲ. ಕೊರಳ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನೀರು ಕುಡೀತೀ ಏನಪ್ಪಾ?" ಅಂದರು ಅಜ್ಜಾರು.

"ಬ್ಯಾಡ್ರಿ," ಅಂದ ಅವನು. ದನಿ ಇಳಿದಿತ್ತು. "ನೋಡಿ ದಾಟ್ರಿ ಅಜ್ಜಾ. ನಮಗೂ ಮನ್ಯಾಗ ಮಂದಿ ಅದಾರ."

ಅಡಿವೆಪ್ಪ ಉರುಳಿದ ಇಟ್ಟಿಗೆಗಳನ್ನು ಆರಿಸಿ ಲಾರಿಗೆ ಎತ್ತಿಹಾಕಿದ. ಅಜ್ಜಾರು ಹೇಳಿದ್ದಕ್ಕೆ ಹಾಕಿದ, ಮನಸ್ಸಿನಿಂದ ಅಲ್ಲ. ಲಾರಿ ಮೆಲ್ಲಗೆ ಹೊರಟುಹೋಯಿತು.

ಬೆಳ್ಳಕ್ಕಿಗಳು ಎದ್ದು ಹೋಗಿದ್ದವು.

ಇಬ್ಬರೂ ಮತ್ತೆ ನಡೆದರು. ಅಜ್ಜಾರು ಈಗ ದಾರಿಯ ಅಂಚು ಹಿಡಿದಿದ್ದರು. ಅಡಿವೆಪ್ಪನ ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ. ಭಯ ಯಾವುದು, ಸಿಟ್ಟು ಯಾವುದು ಅವನಿಗೇ ತಿಳಿಯುತ್ತಿರಲಿಲ್ಲ. ಒಂದು ಫರ್ಲಾಂಗು ತಡೆದುಕೊಂಡ. ಆಮೇಲೆ ಆಗಲಿಲ್ಲ.

"ಅವ ನಿಮಗ ಮುದುಕ ಅಂದ್ರಿ."

"ಎಪ್ಪತ್ತೆಂಟು ಆದವು. ಮತ್ತೇನಂದಾನು?"

"ಅದೊಂದೇ ಅಲ್ಲರಿ. ನಮ್ಮೂರಾಗ ಯಾರೂ ನಿಮಗ ಅಂಥಾ ಮಾತು ಅಂದಿಲ್ಲ. ಅಷ್ಟು ಬೈಸಿಕೊಂಡು ನೀವು ಕೈ ಮುಗದ್ರಿ. ತಪ್ಪು ನಿಮ್ಮದೇ ಇರ್ಲಿ, ಒಪ್ಪೀನಿ. ಆದ್ರ ಬೈದಾಂವಗ ಕೈ ಯಾಕ ಮುಗೀಬೇಕ್ರಿ?"

ಅಜ್ಜಾರು ನಿಂತರು. ಲಾರಿ ಹೋದ ದಿಕ್ಕಿನತ್ತ ಒಮ್ಮೆ ತಿರುಗಿ ನೋಡಿದರು.

"ಅಡಿವೆಪ್ಪಾ," ಅಂದರು, "ಅವ ಮೊದಲು ಬ್ರೇಕ್ ಹಾಕಿದ. ಬೈದದ್ದು ಆಮ್ಯಾಲೆ."